ಅಂಡಮಾನ್ ಪ್ರವಾಸಕ್ಕೆ ಒಂದು ರಾತ್ರಿ ಜಾಸ್ತಿ ಯಾಕೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಈ ಸೀಸನ್‌ನಿಂದ ನಮ್ಮ ಮೂರು ರಾತ್ರಿ, ನಾಲ್ಕು ದಿನದ ಅಂಡಮಾನ್ ಪ್ಯಾಕೇಜ್ ಇರುವುದಿಲ್ಲ. ಅದರ ಬದಲು ನಾಲ್ಕು ರಾತ್ರಿ, ಐದು ದಿನ. ಹೊಸ ದರಪಟ್ಟಿ ಈಗಾಗಲೇ ನಿಮ್ಮಲ್ಲಿ ಹಲವರ ಕೈ ಸೇರಿದೆ. ಅದನ್ನು ನೋಡಿದ ಮೇಲೆ ಫೋನುಗಳು ಶುರುವಾದವು. ಕೆಲವರ ದನಿಯಲ್ಲಿ ಬೇಸರ ಇತ್ತು, ಕೆಲವರದ್ದು ನೇರ ಸಿಟ್ಟು. ಒಬ್ಬೊಬ್ಬರಿಗೆ ಒಂದೊಂದು ರೀತಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯೋಣ ಅಂತ ಕೂತೆವು.

ಮೊದಲು ಕ್ಷಮೆ ಕೇಳುತ್ತೇವೆ. ಶುಕ್ರವಾರ, ಸೋಮವಾರ ಎರಡೇ ದಿನ ರಜೆ ಹಾಕಿ ದ್ವೀಪ ನೋಡಿ ಬರಬಹುದು ಅಂತ ಲೆಕ್ಕ ಹಾಕಿದ್ದವರಿಗೆ ಇನ್ನೊಂದು ದಿನ ಹೊಂದಿಸುವುದು ಸುಲಭ ಅಲ್ಲ. ಶಾಲೆಗೆ ಹೋಗುವ ಮಕ್ಕಳಿದ್ದರೆ ಇನ್ನೂ ಕಷ್ಟ. ನಿಮಗಾಗುವ ಈ ತೊಂದರೆಗೆ ನಿಜಕ್ಕೂ ಬೇಜಾರಿದೆ. ಆದರೆ ನಿರ್ಧಾರ ಸರಿ ಅಂತ ನಮಗೆ ಪೂರಾ ನಂಬಿಕೆ ಇದೆ. ಅದನ್ನು ಬದಲಿಸುವುದಿಲ್ಲ.

ವಿಮಾನ ಇಳಿಯುವುದು ರಾಜಧಾನಿ ಪೋರ್ಟ್ ಬ್ಲೇರ್‌ನಲ್ಲಿ, ಬೀಚು ನೋಡಲು ಹೋಗುವುದು ಹ್ಯಾವ್‌ಲಾಕ್ ದ್ವೀಪಕ್ಕೆ. ಎಲ್ಲರೂ ಕೇಳುತ್ತಿರುವ ಪ್ರಶ್ನೆ ಒಂದೇ. "ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಸುಮ್ನೆ ಯಾಕೆ ಕಳೆಯಬೇಕು? ಹ್ಯಾವ್‌ಲಾಕ್‌ನಲ್ಲೇ ಇದ್ದು, ಬೆಳಿಗ್ಗೆ ಬೋಟ್ ಹತ್ತಿ, ಮಧ್ಯಾಹ್ನ ವಿಮಾನ ಹಿಡಿಯಬಹುದು ಅಲ್ವಾ? ಬೇರೆಯವರು ಹಾಗೇ ಮಾಡ್ತಾರೆ. ನೀವು ಹೋಟೆಲ್ ಬಾಡಿಗೆ ಸೇರಿಸೋಕೆ ಒಂದು ರಾತ್ರಿ ತುರುಕಿದ್ದೀರಿ." ಕೊನೆಯ ವಾಕ್ಯ ನಮಗೆ ನೋವು ಕೊಟ್ಟಿತು. ಹಾಗಾಗಿ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳುತ್ತೇವೆ.

ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ. ನಿಮಗೆಲ್ಲ ಬಾಯಿಗೆ ಬರುವ ಹಳೆಯ ಹೆಸರುಗಳನ್ನೇ ಇಲ್ಲಿ ಬಳಸುತ್ತೇವೆ. ಹ್ಯಾವ್‌ಲಾಕ್‌ನಲ್ಲಿ ವಿಮಾನ ನಿಲ್ದಾಣ ಇಲ್ಲ. ಬಂದವರೆಲ್ಲ ಕಡಲ ಮೇಲೆಯೇ ವಾಪಸ್ ಬರಬೇಕು. ಖಾಸಗಿ ಬೋಟಿನಲ್ಲಿ ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ಬೋಟಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಕಾಗದದ ಮೇಲೆ ಇದು ಏನೂ ಅಲ್ಲ. ಆದರೆ ಅಲೆ ಜೋರಾದರೆ ಬೋಟ್ ಬಿಡಬೇಡಿ ಅಂತ ಬಂದರಿನವರು ಹೇಳುತ್ತಾರೆ. ಹೇಳಿದ ಮೇಲೆ ಮುಗಿಯಿತು. ಎಷ್ಟು ದೊಡ್ಡ ಬೋಟಾದರೂ, ಎಷ್ಟು ದುಬಾರಿ ಟಿಕೆಟ್ ಆದರೂ ಜೆಟ್ಟಿಯಲ್ಲೇ ನಿಲ್ಲಬೇಕು.

ಬೋಟು ರದ್ದಾದರೆ ಬೋಟಿನವರು ಟಿಕೆಟ್ ದುಡ್ಡು ವಾಪಸ್ ಕೊಡುತ್ತಾರೆ. ಅದರಿಂದಾಗಿ ತಪ್ಪಿದ ವಿಮಾನದ ದುಡ್ಡನ್ನು ಅವರು ಕೊಡುವುದಿಲ್ಲ, ವಿಮಾನದವರೂ ಕೊಡುವುದಿಲ್ಲ. ವಿಮಾನದವರ ಲೆಕ್ಕದಲ್ಲಿ ನೀವು ಬರಲಿಲ್ಲ ಅಷ್ಟೇ. ಹೊಸ ಟಿಕೆಟ್ ಅವತ್ತಿನ ದರದಲ್ಲಿ ಕೊಳ್ಳಬೇಕು. ಒಂದು ಕುಟುಂಬಕ್ಕೆ ಆ ದುಡ್ಡು ಇಡೀ ಪ್ರವಾಸದ ಖರ್ಚನ್ನು ಮೀರಿಸಬಹುದು. ಹಿಂದೆ ನಮ್ಮ ಒಂದು ಗುಂಪಿಗೆ ಹೀಗೇ ಆಯಿತು. ಆಗ ವಿಮಾನ ಕಂಪನಿಯವರು ಏನೂ ಕೊಡುವುದಿಲ್ಲ ಅಂದುಬಿಟ್ಟರು. ಹೊಸ ಟಿಕೆಟ್ ದುಡ್ಡಿನಲ್ಲಿ ಅರ್ಧ ನಾವೇ ಹಾಕಿಕೊಂಡೆವು. ಹಾಕಿಕೊಂಡಿದ್ದಕ್ಕೆ ನಮಗೆ ಹೆಮ್ಮೆ ಇದೆ. ಆದರೆ ನಮ್ಮಂಥ ಸಣ್ಣ ಸಂಸ್ಥೆ ಪ್ರತಿ ಸಲ ಹಾಗೆ ಮಾಡಿದರೆ ಬಾಗಿಲು ಮುಚ್ಚಬೇಕಾಗುತ್ತದೆ.

"ಡಿಸೆಂಬರ್ ಅಂದ್ರೆ ಒಳ್ಳೆ ಸೀಸನ್ ಅಲ್ವಾ, ಆಗ ಏನಾಗುತ್ತೆ?" ಅಂತ ಕೇಳುವವರಿದ್ದಾರೆ. ಅಂಡಮಾನ್‌ಗೆ ಎರಡು ಮಳೆಗಾಲ. ನೈಋತ್ಯ ಮಾರುತದ ಮಳೆ ಮುಗಿದ ಮೇಲೆ ಈಶಾನ್ಯ ಮಾರುತದ ಮಳೆ ಬರುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಜಾಗ ಅದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುವುದೂ ಅದೇ ಹೊತ್ತಿನಲ್ಲಿ. 2016ರ ಡಿಸೆಂಬರ್ ಮೊದಲ ವಾರ ನಿಮಗೆ ನೆನಪಿರಬಹುದು. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಅಷ್ಟು ದೊಡ್ಡದು ಪ್ರತಿ ವರ್ಷ ಆಗುವುದಿಲ್ಲ, ಹೆದರಿಸಲು ಹೇಳುತ್ತಿಲ್ಲ. ಆದರೆ ಬೋಟು ತಪ್ಪಿ ವಿಮಾನವೂ ತಪ್ಪಲು ಚಂಡಮಾರುತವೇ ಬೇಕಿಲ್ಲ. ಒಂದು ಬೆಳಗ್ಗೆ ಗಾಳಿ ಜೋರಾದರೂ ಸಾಕು.

ಹೆಲಿಕಾಪ್ಟರ್ ಇದೆಯಲ್ಲ ಅನ್ನುತ್ತೀರಿ. ಇದೆ. ಸೀಟುಗಳು ತೀರಾ ಕಡಿಮೆ. ದ್ವೀಪದ ರೋಗಿಗಳಿಗೆ ಮೊದಲ ಆದ್ಯತೆ, ಅದು ಹಾಗೇ ಇರಬೇಕು ಕೂಡ. ಬೋಟು ನಿಲ್ಲುವಂಥ ಹವೆಯಲ್ಲಿ ಅದೂ ಹಾರಲು ಕಷ್ಟ.

ಹೋಗುವ ದಿನದ ಕಥೆಯೂ ಇದೇ. ಹಳೆಯ ಪ್ಯಾಕೇಜಿನಲ್ಲಿ ವಿಮಾನ ಇಳಿದ ದಿನವೇ ಮಧ್ಯಾಹ್ನದ ಬೋಟ್ ಹತ್ತಿಸುತ್ತಿದ್ದೆವು. ವಿಮಾನ ಒಂದು ಗಂಟೆ ತಡವಾದರೆ ಎಲ್ಲರೂ ಲಗೇಜು ಹಿಡಿದು ಜೆಟ್ಟಿಗೆ ಓಡಬೇಕು. ಪೋರ್ಟ್ ಬ್ಲೇರ್‌ನಲ್ಲಿ 2023ರಲ್ಲಿ ದೊಡ್ಡ ಹೊಸ ಟರ್ಮಿನಲ್ ಆಯಿತು ನಿಜ. ಆದರೆ ರನ್‌ವೇ ಒಂದೇ, ಅದನ್ನು ನೌಕಾಪಡೆಯೂ ಬಳಸುತ್ತದೆ. ತಡವಾಗಿ ಬಂದಿದ್ದು ನಮ್ಮ ತಪ್ಪಲ್ಲ ಅಂತ ಬೋಟಿನವರಿಗೆ ಹೇಳಿದರೆ ನಡೆಯುವುದಿಲ್ಲ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಅಲ್ಲಿ ಕತ್ತಲಾಗುವುದು ಬೇಗ. ಅಂಡಮಾನ್ ಇರುವುದು ಪೂರ್ವಕ್ಕೆ ಸುಮಾರು 93 ಡಿಗ್ರಿ ರೇಖಾಂಶದಲ್ಲಿ. ನಮ್ಮ ಗಡಿಯಾರ ಮಾತ್ರ 82.5 ಡಿಗ್ರಿಯದ್ದು. ಹಾಗಾಗಿ ಅಲ್ಲಿ ಸೂರ್ಯ ನಮ್ಮ ಗಡಿಯಾರಕ್ಕಿಂತ ನಲವತ್ತು ನಿಮಿಷ ಮುಂದೆ ಇರುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ಐದರ ಆಸುಪಾಸಿಗೆ ಸೂರ್ಯಾಸ್ತ. ಮಧ್ಯಾಹ್ನದ ಬೋಟ್ ಹಿಡಿದು ಹ್ಯಾವ್‌ಲಾಕ್ ಮುಟ್ಟಿ, ರೂಮಿಗೆ ಹೋಗಿ ಬ್ಯಾಗ್ ಇಡುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ರಾಧಾನಗರ ಬೀಚ್ ಪಶ್ಚಿಮಕ್ಕೆ ಮುಖ ಮಾಡಿದೆ. ಅಲ್ಲಿಗೆ ಸಂಜೆ ಹೋಗಬೇಕು, ಅದೂ ನಾಲ್ಕು ಗಂಟೆಗೆ ಮೊದಲೇ. ನಾಲ್ಕು ದಿನದ ಪ್ರವಾಸದಲ್ಲಿ ಬಂದ ದಿನ ಹೀಗೆ ಹೋಯಿತು, ಹೊರಡುವ ದಿನ ಬೋಟು ಮತ್ತು ವಿಮಾನದಲ್ಲಿ ಹೋಯಿತು. ಉಳಿದಿದ್ದು ಎರಡು ದಿನ. ಆ ಎರಡು ದಿನಕ್ಕೆ ಸ್ಕೂಬಾ, ಎಲಿಫೆಂಟ್ ಬೀಚ್, ರಾಧಾನಗರ, ಕಾಲಾಪತ್ಥರ್, ಜೊತೆಗೆ ನೀಲ್ ದ್ವೀಪ ಎಲ್ಲ ಸೇರಿಸಿ ಅನ್ನುವ ಒತ್ತಾಯ. ಅದು ರಜೆ ಅಲ್ಲ, ಓಟ.

ಸ್ಕೂಬಾ ವಿಷಯ ಬಂದಿತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನೀರಿನಡಿ ಸಿಲಿಂಡರ್ ಗಾಳಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ, ಮೈಯ ಅಂಗಾಂಶಗಳಲ್ಲಿ ಕರಗಿ ಸೇರುತ್ತದೆ. ಅದು ನಿಧಾನವಾಗಿ ಹೊರಗೆ ಹೋಗಬೇಕು. ವಿಮಾನದೊಳಗೆ ಗಾಳಿಯ ಒತ್ತಡ ನೆಲಮಟ್ಟಕ್ಕಿಂತ ಕಡಿಮೆ. ಬೇಗ ವಿಮಾನ ಹತ್ತಿದರೆ ಆ ಸಾರಜನಕ ಗುಳ್ಳೆಗಳಾಗಿ ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಸಲ ಇಳಿದಿದ್ದರೆ 18 ಗಂಟೆ ಬಿಡಬೇಕು ಅನ್ನುವುದು ಡೈವಿಂಗ್‌ನವರ ಸಾಮಾನ್ಯ ನಿಯಮ. ನಾವು ಪೂರಾ ಒಂದು ದಿನ ಬಿಡುತ್ತೇವೆ. "ಹೊರಡುವ ದಿನ ಬೆಳಿಗ್ಗೆ ಬೇಗ ಮುಗಿಸಿಬಿಡ್ತೀವಿ" ಅಂತ ಕೇಳಿದವರಿಗೆ ಹಿಂದೆಯೂ ಇಲ್ಲ ಅಂದಿದ್ದೇವೆ, ಮುಂದೆಯೂ ಇಲ್ಲ ಅನ್ನುತ್ತೇವೆ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಇದ್ದರೆ ಈ ತಲೆನೋವೂ ಇರುವುದಿಲ್ಲ.

ಆಮೇಲೆ ಪೋರ್ಟ್ ಬ್ಲೇರ್‌ನಲ್ಲಿ ಏನಿದೆ ಅಂತ ಕೇಳಬೇಡಿ. ಸೆಲ್ಯುಲರ್ ಜೈಲು ಕಟ್ಟಿ ಮುಗಿಸಿದ್ದು 1906ರಲ್ಲಿ. ರೆಕ್ಕೆಗಳಂತೆ ಚಾಚಿದ ಏಳು ಸಾಲು ಕಟ್ಟಡಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಕೋಣೆಯೊಳಗೆ ಕೆಲವು ನಿಮಿಷ ನಿಂತು ನೋಡಿ. ಹಳೆಯ ಪ್ಯಾಕೇಜಿನಲ್ಲಿ ಅದನ್ನು ಗಡಿಬಿಡಿಯಲ್ಲಿ ತೋರಿಸುತ್ತಿದ್ದೆವು, ಕೆಲವು ಗುಂಪುಗಳಿಗೆ ಅದೂ ಆಗಲಿಲ್ಲ. ಎದುರಿಗೇ ರಾಸ್ ದ್ವೀಪ ಇದೆ, ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಬ್ರಿಟಿಷರ ಆಡಳಿತ ಕೇಂದ್ರ ಅಲ್ಲೇ ಇತ್ತು. ಇವತ್ತು ಆ ಕಟ್ಟಡಗಳ ಗೋಡೆಗಳನ್ನು ಆಲದ ಬೇರುಗಳು ಹಿಡಿದುಕೊಂಡಿವೆ. ಮರಳು, ಅಲೆಗಳ ಜೊತೆ ಇದನ್ನೂ ನೋಡದೆ ಬಂದರೆ ಅಂಡಮಾನ್ ಅರ್ಧ ಮಾತ್ರ ನೋಡಿದಂತೆ ಅನ್ನುವುದು ನಮ್ಮ ಅಭಿಪ್ರಾಯ.

ಈಗ ದುಡ್ಡಿನ ವಿಷಯ. ಪ್ಯಾಕೇಜ್ ದರ ಏರಿದೆ ನಿಜ. ಏರಿದ ದುಡ್ಡೆಲ್ಲ ನಮ್ಮ ಜೇಬಿಗೆ ಹೋಗುತ್ತದೆ ಅನ್ನುವ ಮಾತು ಮಾತ್ರ ನಿಜ ಅಲ್ಲ. ಒಂದು ರಾತ್ರಿಯ ರೂಮು, ಒಂದು ದಿನದ ಊಟ, ಗಾಡಿ, ಇವು ಸೇರಿವೆ. ಅಲ್ಲಿನ ತರಕಾರಿ, ದಿನಸಿ, ಡೀಸೆಲ್, ಹೋಟೆಲಿನ ಸೋಪಿನವರೆಗೆ ಬಹಳಷ್ಟು ಸಾಮಾನು ಹಡಗಿನಲ್ಲೇ ಬರಬೇಕು. ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಸುಮಾರು 1,370 ಕಿಲೋಮೀಟರ್ ಕಡಲು. ಹಡಗಿನ ಬಾಡಿಗೆ ಏರಿದರೆ ನಿಮ್ಮ ಊಟದ ತಟ್ಟೆಯ ದರವೂ ಏರುತ್ತದೆ. ಪ್ಯಾಕೇಜಿನ ಮೇಲೆ ನೀವು ಕೊಡುವ ಶೇಕಡಾ 5ರ ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತದೆ. ಹೋಟೆಲಿನವರು ನಮಗೆ ಹಾಕುವ ಜಿಎಸ್‌ಟಿಯನ್ನು ಆ ಲೆಕ್ಕದಲ್ಲಿ ಕಳೆಯಲು ನಮಗೆ ಅವಕಾಶ ಇಲ್ಲ. ಅದೂ ಖರ್ಚಿಗೇ ಸೇರುತ್ತದೆ. ಇದನ್ನು ಯಾರೂ ಕೇಳುವುದಿಲ್ಲ, ನಾವೇ ಹೇಳಬೇಕು.

ಎಲ್ಲಕ್ಕಿಂತ ಜಾಸ್ತಿ ಬೈಸಿಕೊಂಡಿದ್ದು ವಿಮಾನದ ದರಕ್ಕೆ. ಅದರ ಮೇಲೆ ನಮಗೆ ಎಳ್ಳಷ್ಟೂ ಹಿಡಿತ ಇಲ್ಲ. ಬೆಳಿಗ್ಗೆ ಕಂಡ ದರ ಸಂಜೆಗೆ ಇರುವುದಿಲ್ಲ. ಅಂಡಮಾನ್‌ಗೆ ರೈಲು ಇಲ್ಲ, ಬಸ್ಸು ಇಲ್ಲ. ಹಡಗಿನಲ್ಲಿ ಹೋದರೆ ಒಂದು ಕಡೆಗೇ ಮೂರು ದಿನದ ಹತ್ತಿರ ಬೇಕು, ಸಣ್ಣ ರಜೆಗೆ ಅದು ಆಗದ ಮಾತು. ಎಲ್ಲರೂ ವಿಮಾನಕ್ಕೇ ಮುಗಿಬೀಳುತ್ತಾರೆ, ಕ್ರಿಸ್‌ಮಸ್ ವಾರದಲ್ಲಂತೂ ಕೇಳಲೇಬೇಡಿ. ಇಷ್ಟು ದಿನ ವಿಮಾನದ ದುಡ್ಡನ್ನೂ ಸೇರಿಸಿ ಒಂದೇ ಮೊತ್ತ ಹೇಳುತ್ತಿದ್ದೆವು. ದರ ಏರಿದಾಗ "ನೀವು ಮಾತು ತಪ್ಪಿದಿರಿ" ಅನ್ನಿಸಿಕೊಳ್ಳುತ್ತಿದ್ದೆವು. ಇನ್ನು ಮುಂದೆ ವಿಮಾನದ ಟಿಕೆಟ್ ಬೇರೆ, ದ್ವೀಪದ ಖರ್ಚು ಬೇರೆ. ಟಿಕೆಟ್ ನೀವೇ ಮಾಡಿಸಿಕೊಳ್ಳಬಹುದು. ನಾವು ಮಾಡಿಸಿದರೆ ಕಂಪನಿಯ ಬಿಲ್ಲನ್ನೇ ಕಳಿಸುತ್ತೇವೆ, ಅದರ ಮೇಲೆ ಒಂದು ರೂಪಾಯಿಯೂ ಇಡುವುದಿಲ್ಲ. ನೀವೇ ಮಾಡಿಸುವುದಾದರೆ ದುಡ್ಡು ಕಟ್ಟುವ ಮೊದಲು ಸಮಯ ನಮಗೆ ಒಮ್ಮೆ ಹೇಳಿ. ಮಧ್ಯಾಹ್ನದೊಳಗೆ ಇಳಿಯುವ ವಿಮಾನ ಹಿಡಿದರೆ ಮೊದಲ ದಿನದ ಬೆಳಕು ಕೈಗೆ ಸಿಗುತ್ತದೆ.

ಹೊಸ ಪ್ಲ್ಯಾನ್ ಇಷ್ಟು. ಮೊದಲ ರಾತ್ರಿ ಪೋರ್ಟ್ ಬ್ಲೇರ್, ಎರಡು ರಾತ್ರಿ ಹ್ಯಾವ್‌ಲಾಕ್, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ನೀಲ್ ದ್ವೀಪ ಬೇಕೇ ಬೇಕು ಅನ್ನುವವರು ಇನ್ನೊಂದು ರಾತ್ರಿ ಸೇರಿಸಿಕೊಳ್ಳಿ. ಅಲ್ಲಿನ ಕಲ್ಲಿನ ಕಮಾನನ್ನು ನೀರು ಇಳಿದಾಗಲೇ ನೋಡಬೇಕು, ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಎರಡು ಗಂಟೆ ಇಳಿದು ಓಡಿ ಬರುವ ಜಾಗ ಅಲ್ಲ ಅದು.

ಬಾರಾಟಾಂಗ್ ದ್ವೀಪ ಯಾಕಿಲ್ಲ ಅಂತಲೂ ಕೇಳಿದ್ದೀರಿ. ಅಲ್ಲಿನ ಸುಣ್ಣಕಲ್ಲಿನ ಗುಹೆಗಳು ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ರಸ್ತೆ ಹೋಗುವುದು ಜರಾವಾ ಬುಡಕಟ್ಟು ಜನರ ಮೀಸಲು ಕಾಡಿನೊಳಗೆ. ನಿಗದಿತ ಹೊತ್ತಿಗೆ ಕಾವಲಿನ ಜೊತೆ ಸಾಲಾಗಿ ಗಾಡಿಗಳನ್ನು ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ಆ ರಸ್ತೆಯನ್ನು ಮೀಸಲು ಪ್ರದೇಶದಲ್ಲಿ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. "ಜರಾವಾಗಳು ಕಾಣಿಸ್ತಾರಾ?" ಅಂತ ಕೇಳಿ ಬುಕ್ ಮಾಡುವವರು ಇದ್ದಾರೆ. ಮನುಷ್ಯರನ್ನು ನೋಡಲು ಗಾಡಿ ಕಟ್ಟಿಕೊಂಡು ಹೋಗುವ ಪ್ರವಾಸ ನಮ್ಮಲ್ಲಿ ಸಿಗುವುದಿಲ್ಲ. ಇದರಿಂದ ಕೆಲವು ಬುಕ್ಕಿಂಗ್ ಕೈತಪ್ಪಿವೆ. ತಪ್ಪಲಿ.

ಹಳೆಯ ಪ್ಯಾಕೇಜಿಗೆ ಅಡ್ವಾನ್ಸ್ ಕೊಟ್ಟವರಿಗೆ ಒಂದು ಮಾತು. ನೀವು ನಂಬಿ ಕೊಟ್ಟ ದುಡ್ಡು ಅದು. ಹೊಸ ಪ್ಲ್ಯಾನಿಗೆ ಬಂದರೆ ಜಾಸ್ತಿಯಾಗುವ ರಾತ್ರಿಯ ರೂಮಿನ ಬಾಡಿಗೆ ನಾವೇ ಹಾಕಿಕೊಳ್ಳುತ್ತೇವೆ. ಊಟ, ಗಾಡಿಯ ಖರ್ಚು ಮಾತ್ರ ನಿಮ್ಮದು. ಬೇಡ ಅನ್ನಿಸಿದರೆ ಪೂರಾ ದುಡ್ಡು ವಾಪಸ್, ಯಾವ ಕಡಿತವೂ ಇಲ್ಲ. ವಿಮಾನದ ಟಿಕೆಟ್ ಆಗಲೇ ಮಾಡಿಸಿಕೊಂಡು ದಿನ ಬದಲಿಸಲು ಆಗದವರು ದಯವಿಟ್ಟು ಫೋನ್ ಮಾಡಿ. ನಾಲ್ಕೇ ದಿನ ಇರುವವರಿಗೆ ಹ್ಯಾವ್‌ಲಾಕ್‌ನಲ್ಲಿ ಒಂದು ರಾತ್ರಿ, ಪೋರ್ಟ್ ಬ್ಲೇರ್‌ನಲ್ಲಿ ಎರಡು ರಾತ್ರಿ ಇಟ್ಟು ಪ್ಲ್ಯಾನ್ ಮಾಡಿಕೊಡುತ್ತೇವೆ. ನೋಡುವುದು ಸ್ವಲ್ಪ ಕಡಿಮೆ ಆಗುತ್ತದೆ, ವಿಮಾನ ತಪ್ಪುವ ಭಯ ಇರುವುದಿಲ್ಲ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟವರು ಮೊದಲೇ ತಿಳಿಸಿ. ಬೋಟಿನಲ್ಲಿ ವಾಂತಿ ಆಗುವವರಿಗೆ ಮಧ್ಯದ ಸೀಟು ಹಿಡಿದುಕೊಡುತ್ತೇವೆ, ಅಲ್ಲಿ ಅಲುಗಾಟ ಕಡಿಮೆ. ಮಾತ್ರೆಯ ವಿಷಯ ನಿಮ್ಮ ಡಾಕ್ಟರನ್ನು ಕೇಳಿ ಬನ್ನಿ. ಮಕ್ಕಳು ಆಸೆಪಟ್ಟು ಹವಳದ ಚೂರು, ಚಿಪ್ಪು ಆರಿಸಿಕೊಂಡರೆ ಅಲ್ಲೇ ಬಿಡಿಸಿ. ಹವಳ, ಕೆಲವು ಜಾತಿಯ ಚಿಪ್ಪು ತರುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆಸಿ ನೋಡುತ್ತಾರೆ.

ನಮ್ಮ ಫೋನ್ ನಂಬರ್ ಬದಲಾಗಿಲ್ಲ. ಯಾವಾಗಲೂ ಎತ್ತುವವರೇ ಈಗಲೂ ಎತ್ತುತ್ತೇವೆ. ನೀವು ದ್ವೀಪದಲ್ಲಿರುವಾಗ ರಾತ್ರಿಯಾದರೂ ಸರಿ, ಬೋಟಿನ ಸುದ್ದಿ ಬಂದ ಕೂಡಲೇ ನಾವೇ ನಿಮಗೆ ಹೇಳುತ್ತೇವೆ. ಡಿಸೆಂಬರ್ ಕೊನೆಯ ವಾರಕ್ಕೆ ಹ್ಯಾವ್‌ಲಾಕ್‌ನಲ್ಲಿ ಹಿಡಿದಿಟ್ಟ ರೂಮುಗಳನ್ನು ಹೆಚ್ಚು ದಿನ ಇಟ್ಟುಕೊಳ್ಳಲು ಹೋಟೆಲಿನವರು ಬಿಡುವುದಿಲ್ಲ. ಆ ವಾರ ಹೊರಡುವ ಯೋಚನೆ ಇದ್ದವರು ಈ ತಿಂಗಳೊಳಗೆ ಹೌದು ಅಥವಾ ಬೇಡ ಅಂತ ಒಂದು ಮಾತು ತಿಳಿಸಿ.

ಇಂತಿ ನಿಮ್ಮವರು,
ಟ್ರಾವೆಲ್ಸ್ ಬಳಗ