ಸಾಧನ ಹೊಸದಲ್ಲ, ಕುಕಿ ಕಳೆದಿದೆ

ಮಾನ್ಯ ಸಂಪಾದಕರೇ,

ನಿನ್ನೆ ಬಳಸಿದ ಫೋನಿನಿಂದಲೇ ಇಂದು ಲಾಗಿನ್ ಆದರೂ ‘ಅಪರಿಚಿತ ಸಾಧನದಿಂದ ಪ್ರವೇಶವಾಗಿದೆ’ ಎಂದು ಮೇಲ್ ಕಳಿಸುವ ಜಾಲತಾಣಗಳು ಬಳಕೆದಾರರಿಗೆ ಕಲಿಸುತ್ತಿರುವುದು ಒಂದೇ ಪಾಠ: ಎಚ್ಚರಿಕೆ ಬಂದರೆ ಓದದೆ ಅಳಿಸಿ. ನಿಜವಾಗಿ ಕಳ್ಳ ಒಳಹೊಕ್ಕ ದಿನ ಬರುವ ಮೇಲ್‌ಗೂ ಅದೇ ಗತಿ.

ತಾಣಕ್ಕೆ ನಮ್ಮ ಸಾಧನ ಕಾಣುವುದೇ ಇಲ್ಲ. ಮುಖ್ಯವಾಗಿ ಅದು ಹುಡುಕುವುದು ಹಿಂದೆ ತಾನೇ ಬ್ರೌಸರ್‌ನಲ್ಲಿ ಇಟ್ಟುಹೋದ ಕುಕಿ ಎಂಬ ಪುಟ್ಟ ಗುರುತಿನ ಚೀಟಿಯನ್ನು. ಅದು ಸಿಗದಿದ್ದರೆ ನೀವು ಹೊಸಬರು. ಇನ್‌ಕಾಗ್ನಿಟೊ ಕಿಟಕಿ ಮುಚ್ಚಿದೊಡನೆ ಕುಕಿ ಹೋಗುತ್ತದೆ. ಮೇಲ್ ಅಥವಾ ಚಾಟ್ ಆ್ಯಪ್‌ನಲ್ಲಿ ಲಿಂಕ್ ಒತ್ತಿದಾಗ ಅದರೊಳಗೇ ತೆರೆಯುವ ಬ್ರೌಸರ್‌ಗೆ ಅನೇಕ ಕಡೆ ಕುಕಿಗಳ ಡಬ್ಬಿಯೇ ಬೇರೆ. ಬ್ರೌಸರ್‌ನೊಳಗೆ ಓಡುವ ಪುಟದ ಕೋಡ್, ಅಂದರೆ ಜಾವಾಸ್ಕ್ರಿಪ್ಟ್, ಬರೆದ ಕುಕಿಗೆ ಆ್ಯಪಲ್‌ನ ಸಫಾರಿ ಬ್ರೌಸರ್ 7 ದಿನಕ್ಕಿಂತ ಹೆಚ್ಚು ಆಯುಸ್ಸು ಕೊಡುವುದಿಲ್ಲ. ಸಾಧನದ ಗುರುತನ್ನು ಹೀಗೆ ಇಡುವ ತಾಣ, ವಾರ ಬಿಟ್ಟು ಬಂದವರನ್ನು ಮರೆತೇಬಿಡುತ್ತದೆ. ಅದನ್ನೇ ತಾಣದ ಸರ್ವರ್ ಕಡೆಯಿಂದ ಇಟ್ಟರೆ ಕ್ರೋಮ್‌ನಲ್ಲಿ 400 ದಿನ ಉಳಿಯಬಹುದು. ಇದು ಬಳಕೆದಾರರ ತಪ್ಪಲ್ಲ, ತಾಣ ಕಟ್ಟಿದವರ ಆಲಸ್ಯ.

ಅಂತರ್ಜಾಲ ಸಂಪರ್ಕಕ್ಕೆ ಸಿಗುವ ಸಂಖ್ಯೆಯಾದ ಐಪಿ ವಿಳಾಸವನ್ನು ನಂಬುವುದು ಇನ್ನೂ ಕೆಟ್ಟದ್ದು. ಮೊಬೈಲ್ ಜಾಲದಲ್ಲಿ ಎಷ್ಟೋ ಗ್ರಾಹಕರು ಒಂದೇ ವಿಳಾಸ ಹಂಚಿಕೊಳ್ಳುತ್ತಾರೆ, ಅದೂ ಆಗಾಗ ಬದಲಾಗುತ್ತದೆ. ಎಚ್ಚರಿಕೆಯಲ್ಲಿ ಕಾಣುವ ಊರು ಬಹಳ ಸಲ ಮೊಬೈಲ್ ಕಂಪನಿಯ ಜಾಲ ಅಂತರ್ಜಾಲಕ್ಕೆ ಸೇರುವ ಗೇಟ್‌ವೇ ಇರುವ ಊರು, ನೀವು ಕುಳಿತಿರುವ ಊರಲ್ಲ. ಸಂಪರ್ಕವನ್ನು ಬೇರೆಡೆಯ ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಹಾಕಿದರೆ ದೇಶವೇ ಬೇರೆ ಕಾಣಬಹುದು.

ಸಾಧನದ ಹೆಸರಂತೂ ತಮಾಷೆ. ಖಾಸಗಿತನಕ್ಕಾಗಿ ಬ್ರೌಸರ್‌ಗಳು ಯೂಸರ್ ಏಜೆಂಟ್ ಎಂಬ ಗುರುತಿನ ಸಾಲನ್ನು ಬೇಕೆಂದೇ ಮಸುಕು ಮಾಡಿವೆ. ವಿಂಡೋಸ್ 11 ಇದ್ದರೂ ಆ ಸಾಲು ಹೇಳುವುದು ವಿಂಡೋಸ್ 10 ಎಂದೇ. ಫೋನಿನ ಆವೃತ್ತಿ ಯಾವುದಿದ್ದರೂ ಈಗಿನ ಕ್ರೋಮ್ ‘ಆಂಡ್ರಾಯ್ಡ್ 10’ ಎನ್ನುತ್ತದೆ, ಮಾದರಿಯ ಜಾಗದಲ್ಲಿ ‘ಕೆ’ ಅಕ್ಷರ. 2019ರ ಐಪ್ಯಾಡ್ ಓಎಸ್ 13ರಿಂದೀಚೆಗೆ ಐಪ್ಯಾಡ್‌ನ ಸಫಾರಿ ಸಾಮಾನ್ಯವಾಗಿ ಮ್ಯಾಕ್ ವೇಷದಲ್ಲೇ ಹೋಗುತ್ತದೆ. ‘ನನ್ನ ಬಳಿ ಮ್ಯಾಕ್ ಇಲ್ಲವಲ್ಲ’ ಎಂದು ಗಾಬರಿಯಾಗುವವರ ಮೇಲೆ ನಗುವಂತಿಲ್ಲ.

ಸಾಧನದ ಗುರುತಿನ ಕುಕಿಯನ್ನು ಸೆಷನ್ (ಲಾಗಿನ್ ಆಗಿರುವ ಅವಧಿ) ಕುಕಿಯಿಂದ ಬೇರೆ ಮಾಡಿ, ಲಾಗೌಟ್ ಆದರೂ ಉಳಿಯುವಂತೆ ಇಡಬೇಕು. ಐಪಿ ಮಾತ್ರ ಬದಲಾದರೆ, ಬ್ರೌಸರ್ ಆವೃತ್ತಿ ಮಾತ್ರ ಏರಿದರೆ ಮೇಲ್ ಬೇಡ. ಕಳಿಸುವ ಮೇಲ್‌ನಲ್ಲಿ ಸಮಯ ಬಳಕೆದಾರರ ಗಡಿಯಾರಕ್ಕೆ ಹೊಂದಲಿ. ಜಾಗತಿಕ ಪ್ರಮಾಣ ಸಮಯವಾದ ಯುಟಿಸಿ ನೋಡಿ ‘ಆಗ ನಾನು ಮಲಗಿದ್ದೆ’ ಎಂದುಕೊಳ್ಳುವವರೇ ಹೆಚ್ಚು. ಅರ್ಜಿ ತುಂಬುವಾಗಲೇ ಸೆಷನ್ ಮುಗಿದು ಬರೆದದ್ದೆಲ್ಲ ಮಾಯವಾಗುವುದೂ ನಿಲ್ಲಬೇಕು. ವೆಬ್ ಪ್ರವೇಶಾರ್ಹತೆಯ ಮಾನದಂಡವಾದ ಡಬ್ಲ್ಯುಸಿಎಜಿ, ಸಮಯ ಮುಗಿಯುವ ಮುನ್ನ ಎಚ್ಚರಿಸಿ, ಅವಧಿ ವಿಸ್ತರಿಸಲು ಕನಿಷ್ಠ 20 ಸೆಕೆಂಡು ಕೊಡುವ ದಾರಿಯನ್ನು 2008ರಲ್ಲೇ ತೋರಿಸಿದೆ.

ಅಲ್ಲಿಯವರೆಗೆ ಓದುಗರು ಇಷ್ಟು ಮಾಡಬಹುದು. ಮೇಲ್‌ನಲ್ಲಿರುವ ಬಟನ್ ಒತ್ತಬೇಡಿ. ವಂಚಕರೂ ಇದೇ ನಮೂನೆಯ ಮೇಲ್ ಕಳಿಸುತ್ತಾರೆ. ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ಭದ್ರತಾ ವಿಭಾಗದಲ್ಲಿ ಸಕ್ರಿಯ ಸೆಷನ್‌ಗಳ ಪಟ್ಟಿ ತೆರೆಯಿರಿ. ಊರು, ಮಾದರಿ ಬಿಟ್ಟು ಸಮಯವನ್ನು ತಾಳೆ ನೋಡಿ. ಆ ಹೊತ್ತಿಗೆ ನೀವೇ ಲಾಗಿನ್ ಆಗಿದ್ದರೆ ಚಿಂತೆಯಿಲ್ಲ. ಇಲ್ಲವಾದರೆ ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ‘ಎಲ್ಲ ಸಾಧನಗಳಿಂದ ಲಾಗೌಟ್’ ಒತ್ತಿ. ಕ್ರಮ ತಿರುವುಮುರುವಾದರೆ ಹಳೆಯ ಪಾಸ್‌ವರ್ಡ್ ಬಲ್ಲವನು ನಡುವೆ ಮತ್ತೆ ನುಗ್ಗುತ್ತಾನೆ. ಎರಡನೆಯದನ್ನು ಬಿಟ್ಟರೆ ಕೆಲವು ತಾಣಗಳಲ್ಲಿ ಅವನ ಹಳೆಯ ಸೆಷನ್ ಹಾಗೇ ಉಳಿಯುತ್ತದೆ. ಕೊನೆಗೆ, ಖಾತೆ ಮರಳಿ ಪಡೆಯಲು ಕೊಟ್ಟ ಫೋನ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಇವೆಯೇ ನೋಡಿಕೊಳ್ಳಿ.

ಇಂತಿ,
ವೆಬ್ ತಂತ್ರಜ್ಞ ಓದುಗರು