ಉಸ್ತಾದರ ಮಣ್ಣಿಗೆ ಬಂದವರಿಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಸಾವಿಗೆ ಹೋಗಿ ಬಂದರೆ ‘ಮಣ್ಣಿಗೆ ಹೋಗಿದ್ದೆ’ ಅಂತಾರೆ. ಕುಸ್ತಿ ಗರಡಿಯವರಿಗೆ ಮಣ್ಣು ಅಂದರೆ ಬೆಳಿಗ್ಗೆ ಐದಕ್ಕೆ ತಾಲೀಮಿಗೆ ಇಳಿಯುವ ಮಣ್ಣು. ಹಾಗಾಗಿ ಆ ಮಂಗಳವಾರ ಫೋನು ಮಾಡಿದವರೆಲ್ಲ ‘ಮಣ್ಣು ಎಷ್ಟು ಹೊತ್ತಿಗೆ?’ ಅಂತ ಕೇಳಿದಾಗ, ನನಗೆ ಪ್ರತಿ ಸಲವೂ ತಾಲೀಮಿನ ಹೊತ್ತು ಕೇಳುತ್ತಿದ್ದಾರೆ ಅಂತಲೇ ಅನ್ನಿಸುತ್ತಿತ್ತು. ಐದಕ್ಕೆ ಬನ್ನಿ ಅಂತ ಒಬ್ಬರಿಗೆ ಹೇಳಿಯೂ ಬಿಟ್ಟೆ. ಪಾಪ, ಅವರು ಸಂಜೆ ಐದಕ್ಕೆ ಬಂದರು. ಅಷ್ಟೊತ್ತಿಗೆ ಎಲ್ಲಾ ಮುಗಿದಿತ್ತು. ಅವರಿಗೆ ಮೊದಲು ನನ್ನ ಕ್ಷಮೆ.

ನಮಗೆಲ್ಲ ಕುಸ್ತಿ ಕಲಿಸಿದ ಗುರು, ನಮ್ಮ ಗರಡಿಯ ಉಸ್ತಾದರು ಹೋಗಿ ಇವತ್ತಿಗೆ 15 ದಿನ. ಮೂರನೇ ದಿನದ ಹಾಲು ತುಪ್ಪ ಆಯಿತು, ಹನ್ನೊಂದನೇ ದಿನದ ಕಾರ್ಯವೂ ಆಯಿತು. ಬಂದವರಿಗೆಲ್ಲ ನಾಲ್ಕು ಮಾತು ಬರಿ ಅಂತ ಅಮ್ಮ ಹೇಳಿದರು. ಉಸ್ತಾದರ ಮನೆಯವರನ್ನು ನಾವೆಲ್ಲ ಅಮ್ಮ ಅಂತಲೇ ಕರೆಯುವುದು. ನಾನು ಬರೆದು ಪಳಗಿದವನಲ್ಲ. ಕೈಯಲ್ಲಿ ಹಿಡಿದಿದ್ದು ಮೊದಲು ಗದೆ, ಆಮೇಲೆ ಬಸ್ಸಿನ ಸ್ಟೇರಿಂಗು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಸ್ಪತ್ರೆಯ ಕಥೆಯಿಂದ ಶುರು ಮಾಡುತ್ತೇನೆ. ನಲವತ್ತು ವರ್ಷ ಊರಿನ ಹುಡುಗರಿಗೆ ಹೇಗೆ ಬೀಳಬೇಕು ಅಂತ ಹೇಳಿಕೊಟ್ಟವರು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. 78 ವರ್ಷದ ಮೂಳೆ. ಮೊದಲು ಕರೆದುಕೊಂಡು ಹೋದ ಕಡೆ ಬೆಡ್ ಇಲ್ಲ ಅಂತ ಎರಡು ಗಂಟೆ ಸ್ಟ್ರೆಚರ್ ಮೇಲೆಯೇ ಮಲಗಿಸಿದ್ದರು. ಈ ಕೌಂಟರಿನವರು ಆ ಕೌಂಟರಿಗೆ ಹೋಗಿ ಅಂದರು, ಆ ಕೌಂಟರಿನವರು ಊಟಕ್ಕೆ ಹೋಗಿದ್ದರು. ಬಿಡಿ, ಅದನ್ನು ಬೆಳೆಸುವುದಿಲ್ಲ. ಎರಡನೇ ಆಸ್ಪತ್ರೆಯವರು ಬಾಗಿಲಲ್ಲೇ ಕೈ ಹಿಡಿದರು. ಅಲ್ಲಿನ ಡಾಕ್ಟರಿಂದ ಹಿಡಿದು ನೆಲ ಒರೆಸುವ ಅಕ್ಕನವರೆಗೆ ಎಲ್ಲರಿಗೂ ಕೈ ಮುಗಿಯುತ್ತೇನೆ.

ಆಪರೇಷನ್‌ಗೆ ರಕ್ತ ಬೇಕು, ಬಿ ನೆಗೆಟಿವ್ ಅಂದರು. ನಾನು ಗರಡಿ ಹುಡುಗರಿಗೆ ಒಂದು ಮೆಸೇಜು ಹಾಕಿದೆ ಅಷ್ಟೇ. ಬೆಳಿಗ್ಗೆ ಆರೂವರೆಗೆ ಬ್ಲಡ್ ಬ್ಯಾಂಕಿನ ಮುಂದೆ 23 ಜನ ಪೈಲ್ವಾನರು ನಿಂತಿದ್ದಾರೆ. ತಾಲೀಮು ಅರ್ಧಕ್ಕೆ ಬಿಟ್ಟು, ಮೈಯ ಮಣ್ಣನ್ನೂ ತೊಳೆಯದೆ ಓಡಿ ಬಂದವರೂ ಇದ್ದರು. ಒಳಗಿದ್ದ ಹುಡುಗಿ ಬಾಗಿಲು ಸಂದಿಯಿಂದ ನೋಡಿ, ‘ಯಾಕೆ ಸಾರ್, ಏನಾದ್ರೂ ಗಲಾಟೆನಾ?’ ಅಂತ ಹೆದರಿಕೊಂಡೇ ಕೇಳಿದಳು. ತಮಾಷೆ ಅಂದರೆ, ಅಷ್ಟು ಜನ ಪೈಲ್ವಾನರಲ್ಲಿ ಒಬ್ಬನದೂ ಬಿ ನೆಗೆಟಿವ್ ಅಲ್ಲ. ಅವರಲ್ಲಿ ನಾಲ್ವರನ್ನು ಕರೆತಂದಿದ್ದ ಆಟೋ ಅಣ್ಣನದು ಬಿ ನೆಗೆಟಿವ್! ಕಡ್ಡಿ ಹಾಗಿದ್ದಾರೆ ಮನುಷ್ಯ. ಕೊಟ್ಟು, ಜ್ಯೂಸು ಕುಡಿದು, ಮೀಟರಿನ ದುಡ್ಡೂ ತಗೊಳ್ಳದೆ ಹೋದರು. ಅಣ್ಣ, ನಿಮ್ಮ ಹೆಸರು ಕೇಳಿಕೊಳ್ಳುವಷ್ಟು ಬುದ್ಧಿಯೂ ಅವತ್ತು ನಮಗೆ ಇರಲಿಲ್ಲ. ಇದನ್ನು ಓದಿದರೆ ಗರಡಿ ಕಡೆ ಬನ್ನಿ, ನಿಮ್ಮ ಬಾಡಿಗೆ ಬಾಕಿ ಇದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೇ ದಿನ ಉಸ್ತಾದರು ಮಾತಾಡಿದರು. ‘ಯಾರ ಕೈಲೂ ಆಗ್ದೆ ಇದ್ದಿದ್ನ ಬಚ್ಚಲು ಮಾಡ್ತು ಕಣ್ಲಾ. ನನ್ನ ಚಿತ್ ಮಾಡ್ಬುಡ್ತು. ಗದೆ ಅದಕ್ಕೇ ಕೊಟ್ಬುಡಿ.’ ನಕ್ಕರು, ಕೆಮ್ಮು ಬಂತು. ಆ ಕೆಮ್ಮು ಆಮೇಲೆ ನಿಲ್ಲಲಿಲ್ಲ. ಎದೆಯಲ್ಲಿ ಕಫ ಕಟ್ಟಿತು, ನ್ಯುಮೋನಿಯಾ ಅಂದರು. ಒಂಬತ್ತನೇ ದಿನ ಬೆಳಗಿನ ಜಾವ ಹೋದರು. ಹುಡುಗರು ಸಾಮು ಮಾಡಲು ಏಳುವ ಹೊತ್ತು.

ಆ ರಾತ್ರಿಗಳ ಒಂದು ವಿಷಯ ಹೇಳಲೇಬೇಕು. ಮೂಗಿಗೆ ಹಾಕುವ ಆಕ್ಸಿಜನ್ ಟ್ಯೂಬನ್ನು ಎರಡೂ ಕಿವಿಯ ಹಿಂದೆ ಸುತ್ತಿ ನಿಲ್ಲಿಸಬೇಕು. ಉಸ್ತಾದರ ಎಡಗಿವಿಗೆ ಅದು ನಿಲ್ಲುತ್ತಿರಲಿಲ್ಲ. ಹಿಡಿತದಲ್ಲಿ ತಲೆಗೆ ತಲೆ ಉಜ್ಜಿ ಉಜ್ಜಿ ಕಿವಿಯೊಳಗೆ ರಕ್ತ ಕಟ್ಟುತ್ತೆ, ಆಮೇಲೆ ಅದೇ ಗಟ್ಟಿಯಾಗಿ ಕಿವಿ ಮುರುಟಿಕೊಳ್ಳುತ್ತೆ. ಕುಸ್ತಿ ಆಡಿದವರ ಗುರುತು ಅದು. ಉಸ್ತಾದರದು ಒಣ ಅಂಜೂರದ ಹಾಗೆ ಮಡಚಿ ತಲೆಗೆ ಅಂಟಿಕೊಂಡಿತ್ತು. ಟ್ಯೂಬು ಸಿಕ್ಕಿಸಲು ಜಾಗವೇ ಇಲ್ಲ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಅದನ್ನು ಕೆನ್ನೆಗೆ ಪ್ಲಾಸ್ಟರ್ ಹಾಕಿ ಅಂಟಿಸುತ್ತಿದ್ದರು. ಬೆವರಿಗೆ ಕಿತ್ತು ಬರುತ್ತಿತ್ತು. ಮತ್ತೆ ಬಂದು, ಕೆನ್ನೆ ಒರೆಸಿ, ಮತ್ತೆ ಅಂಟಿಸುತ್ತಿದ್ದರು. ಒಂದು ರಾತ್ರಿಗೆ ಆರು ಸಲ ಎಣಿಸಿದೆ. ಒಂದು ಸಲವೂ ಮುಖ ಸಿಂಡರಿಸಲಿಲ್ಲ. ‘ಅಜ್ಜನ ಕಿವಿ ಯಾರು ತಿರುಚಿದ್ದು?’ ಅಂತ ಕೇಳಿದ್ದರು. ಅವತ್ತು ನನಗೆ ಗೊತ್ತಿರಲಿಲ್ಲ. ಸಿಸ್ಟರ್, ಈಗ ಗೊತ್ತಾಗಿದೆ, ಹೇಳುತ್ತೇನೆ ಕೇಳಿ.

ಮಣ್ಣಿನ ದಿನ ಪಾಂಡವಪುರದ ಕಡೆಯಿಂದ ಒಬ್ಬರು ಹಿರಿಯರು ಬಂದರು. ಬಿಳಿ ಪಂಚೆ, ಕೋಲು, ಬಸ್ಸಿಳಿದು ನಡೆದುಕೊಂಡೇ ಬಂದಿದ್ದರು. ಯಾರ ಹತ್ತಿರವೂ ಮಾತಾಡಲಿಲ್ಲ. ಹೂವಿನ ಹಾರಗಳನ್ನು ಸ್ವಲ್ಪ ಸರಿಸಿ, ಉಸ್ತಾದರ ಎಡಗಿವಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದುಕೊಂಡರು. ಸುಮ್ನೆ ಹಿಡಿದುಕೊಂಡೇ ನಿಂತರು. ಆಮೇಲೆ ಅಮ್ಮನ ಕಡೆ ತಿರುಗಿ, ‘ಈ ಕಿವಿ ಮುರ್ದಿದ್ದು ನಾನೇ ಕಣವ್ವ’ ಅಂದರು. ಅಮ್ಮ ಅಷ್ಟು ಹೊತ್ತು ಅತ್ತಿರಲಿಲ್ಲ. ಆಗ ಅತ್ತರು. ಆ ಹಿರಿಯರೂ ಅತ್ತರು. ಅವರಿಬ್ಬರ ಕುಸ್ತಿ ಮುಕ್ಕಾಲು ಗಂಟೆ ನಡೆದು ಸಮಬಲ ಆಗಿತ್ತಂತೆ. ಆ ಕುಸ್ತಿಯ ಬಗ್ಗೆ ಉಸ್ತಾದರು ನಮಗೆ ಒಂದು ದಿನವೂ ಹೇಳಿರಲಿಲ್ಲ.

ನಮ್ಮ ಗರಡಿಗೂ ಇನ್ನೊಂದು ಬೀದಿಯ ಗರಡಿಗೂ ಬಹಳ ವರ್ಷದಿಂದ ಮಾತುಕತೆ ಇರಲಿಲ್ಲ ಅನ್ನೋದು ಊರಿಗೇ ಗೊತ್ತು. ಅವರೂ ಬಂದರು. ಹೆಗಲು ಕೊಟ್ಟರು. ನಮ್ಮ ಹುಡುಗರು ಮೂರನೇ ತಿರುವಿನಲ್ಲಿ ಸುಸ್ತಾದಾಗ ಅವರು ಕೊನೇವರೆಗೂ ಬಿಡಲಿಲ್ಲ. ಇದಕ್ಕಿಂತ ಜಾಸ್ತಿ ಬರೆದರೆ ಅವರಿಗೂ ಮುಜುಗರ, ನಮಗೂ ಮುಜುಗರ. ಹೂವು ತಂದವರು, ಪೆಂಡಾಲ್ ಹಾಕಿದವರು, ಹನ್ನೊಂದನೇ ದಿನ ಎರಡು ಪಂಕ್ತಿ ಜಾಸ್ತಿ ಜನ ಬಂದಾಗ ಗಾಬರಿಯಾಗದೆ ಮತ್ತೆ ಮುದ್ದೆಗೆ ಎಸರಿಟ್ಟ ಅಡುಗೆಯವರು, ಎಲ್ಲರಿಗೂ ನಮಸ್ಕಾರ.

ಒಂದು ತಿದ್ದುಪಡಿ. ಶ್ರದ್ಧಾಂಜಲಿಯ ಒಂದೆರಡು ಫ್ಲೆಕ್ಸ್‌ನಲ್ಲಿ ಉಸ್ತಾದರನ್ನು ‘ವಜ್ರಮುಷ್ಟಿ ಪೈಲ್ವಾನ್’ ಅಂತ ಬರೆದಿದ್ದರು. ಪ್ರೀತಿಯಿಂದ ಬರೆದಿದ್ದು, ಸರಿ. ಆದರೆ ವಜ್ರಮುಷ್ಟಿ ಜಟ್ಟಿ ಮನೆತನದವರದು. ವಿಜಯದಶಮಿ ದಿನ ಮೈಸೂರು ಅರಮನೆಯಲ್ಲಿ ತಲೆ ಬೋಳಿಸಿಕೊಂಡು, ಕೈಗೆ ವಜ್ರಮುಷ್ಟಿ ಅನ್ನೋ ಮೊನೆಯ ಆಯುಧ ಹಾಕಿಕೊಂಡು ಆಡುವ ಕಾಳಗ ಅದು. ರಕ್ತ ಬಂದ ಕೂಡಲೇ ನಿಲ್ಲಿಸುತ್ತಾರೆ. ನಮ್ಮದು ಮಟ್ಟಿ ಕುಸ್ತಿ. ಬೆನ್ನು ಮಣ್ಣಿಗೆ ತಾಗಬೇಕು, ಅಷ್ಟೇ. ಉಸ್ತಾದರು ಇದ್ದಿದ್ದರೆ ಆ ಫ್ಲೆಕ್ಸ್ ಇಳಿಸುವವರೆಗೂ ಕಾಫಿ ಕುಡಿಯುತ್ತಿರಲಿಲ್ಲ.

ಈಗ ನನ್ನ ಸ್ವಂತದ ಒಂದು ಬಾಕಿ. ಇದನ್ನು ಅವರಿಗೇ ಹೇಳಬೇಕಿತ್ತು. ಹೇಳಲಿಲ್ಲ. 28 ವರ್ಷ ಸಿಕ್ಕಿತ್ತು, ಆದರೂ ಹೇಳಲಿಲ್ಲ.

ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ನೋಡದವರಿಗೆ ಇದು ಏನೂ ಅಲ್ಲ ಅನ್ನಿಸುತ್ತೆ. ಎಲ್ಲ ಗರಡಿಯ ಹುಡುಗರು ಬಂದು ನಿಲ್ಲುತ್ತಾರೆ, ಹಿರಿಯರು ಯಾರಿಗೆ ಯಾರು ಸರಿ ಅಂತ ನೋಡಿ ಕೈಗೆ ಕೈ ಸೇರಿಸುತ್ತಾರೆ. ಆದರೆ ಕುಸ್ತಿ ಅರ್ಧ ಅಲ್ಲೇ ಮುಗಿದಿರುತ್ತೆ. ಜೋಡಿ ತಪ್ಪಿದರೆ ನೋಡುವವರಿಗೆ ಬೇಜಾರು, ಆಡುವವನಿಗೆ ಮೂಳೆ ಮುರಿತ. ತಕ್ಕಡಿ ಹೇಳುವುದು ತೂಕ ಒಂದೇ. ಉಸ್ತಾದರು ಕತ್ತು ನೋಡುತ್ತಿದ್ದರು. ಮಣಿಕಟ್ಟು ಹಿಡಿದು ನೋಡುತ್ತಿದ್ದರು. ಹುಡುಗ ದೂರದಿಂದ ನಡೆದು ಬರುವಾಗ ಪಾದ ಹೇಗೆ ಊರುತ್ತಾನೆ ಅಂತ ನೋಡುತ್ತಿದ್ದರು. ಮಾತಾಡುತ್ತಿರಲಿಲ್ಲ, ಬೀಡಿ ಕಚ್ಚಿಕೊಂಡು ನೋಡುತ್ತಿದ್ದರು. ಬೀಡಿಗೆ ಬೆಂಕಿ ಇರುತ್ತಿರಲಿಲ್ಲ.

ನನಗಾಗ 22. ಆ ವರ್ಷ ದೊಡ್ಡ ಜೋಡಿ ಒಂದು ಒದಗಿ ಬಂತು. ಗೆದ್ದರೆ ಹೆಸರು, ಸೋತರೂ ಹೆಸರು. ಎದುರಾಳಿ ಕೈ ಚಾಚಿದ್ದ, ನಾನೂ ಚಾಚಿದ್ದೆ. ಉಸ್ತಾದರು ಮಧ್ಯೆ ಬಂದು ನನ್ನ ಕೈ ಕೆಳಗಿಳಿಸಿದರು. ‘ಬ್ಯಾಡ. ಜೋಡಿ ಅಲ್ಲ’ ಅಂದರು. ಅಷ್ಟು ಜನರ ಮುಂದೆ! ನನಗೆ ನೆಲ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಅವತ್ತಿಂದ ಗರಡಿ ಬಿಟ್ಟೆ. ಎಂಟು ತಿಂಗಳು ಆ ಬೀದಿಯಲ್ಲೇ ಓಡಾಡಲಿಲ್ಲ. ದೇವರಾಜ ಅರಸು ಕ್ರೀಡಾಂಗಣದಲ್ಲಿ ಆ ವರ್ಷದ ಕುಸ್ತಿಯನ್ನು ಮೇಲಿನ ಸಾಲಿನಲ್ಲಿ ಕೂತು, ಕಡಲೆಕಾಯಿ ತಿನ್ನುತ್ತಾ, ಅವರಿಗೆ ಶಾಪ ಹಾಕುತ್ತಾ ನೋಡಿದೆ.

ನನ್ನ ಎಡ ಮಂಡಿ ಆಗಲೇ ಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ. ಎಂಟು ತಿಂಗಳಾದ ಮೇಲೆ ಉಸ್ತಾದರು ದೇವರಾಜ ಮಾರ್ಕೆಟ್ಟಿನ ಹತ್ತಿರ ಎದುರಿಗೆ ಸಿಕ್ಕರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಕೈಯಲ್ಲಿದ್ದ ಬಾಳೆಹಣ್ಣಿನಲ್ಲಿ ಎರಡು ಮುರಿದು ಕೊಟ್ಟು, ‘ಎಡಗಾಲು ಊರುವಾಗ ನಿನ್ನ ಹುಬ್ಬು ಗಂಟಾಯ್ತದೆ ಕಣ್ಲಾ ಮಗ. ಅದ್ನ ಮೊದ್ಲು ತೋರ್ಸು’ ಅಂದರು. ಅಷ್ಟೇ. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಮಂಡಿ ತೋರಿಸಿದೆ, ಆರು ತಿಂಗಳು ಔಷಧಿ, ಪಟ್ಟಿ ಅಂತ ಆಯಿತು. ಆಮೇಲೆ ಕುಸ್ತಿ ಆಡಿದ್ದು ಕಮ್ಮಿ. ಆದರೆ ಇವತ್ತು ದಿನಕ್ಕೆ ಎಂಟು ಗಂಟೆ ಅದೇ ಎಡಗಾಲಲ್ಲಿ ಕ್ಲಚ್ ತುಳಿಯುತ್ತೇನೆ. ಮಂಡ್ಯ ರೋಡಿನ ಟ್ರಾಫಿಕ್ಕಿನಲ್ಲಿ ಎಷ್ಟು ಸಲ ತುಳಿಯಬೇಕು ಅಂತ ಓಡಿಸುವವರಿಗೇ ಗೊತ್ತು.

ಉಸ್ತಾದರೇ, ಥ್ಯಾಂಕ್ಸ್. ತಡವಾಯಿತು.

ಅವರು ನಮಗೆ ಪದೇ ಪದೇ ಹೇಳುತ್ತಿದ್ದ ಕಥೆ ಕೆ.ಡಿ. ಜಾಧವ್ ಅವರದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯಲ್ಲಿ ಕಂಚು ಗೆದ್ದವರು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ. ಅಲ್ಲಿಗೆ ಹೋಗಲು ಅವರ ಹತ್ತಿರ ದುಡ್ಡಿರಲಿಲ್ಲ. ಕೊಲ್ಹಾಪುರದಲ್ಲಿ ಅವರು ಓದಿದ ಕಾಲೇಜಿನ ಪ್ರಿನ್ಸಿಪಾಲರು ಮನೆ ಅಡ ಇಟ್ಟು ದುಡ್ಡು ಹೊಂದಿಸಿಕೊಟ್ಟರು. ಕಥೆ ಇಲ್ಲಿಗೆ ಬಂದ ಕೂಡಲೇ ಉಸ್ತಾದರು ನಿಲ್ಲಿಸಿ, ‘ಪದಕ ಜಾಧವ್‌ದು. ಮನೆ ಯಾರ್ದು?’ ಅಂತ ಕೇಳುತ್ತಿದ್ದರು. ನಮಗೆ ಆ ಪ್ರಶ್ನೆ ಬಾಯಿಪಾಠ ಆಗಿತ್ತು, ಅರ್ಥ ಆಗಿರಲಿಲ್ಲ.

ಹನ್ನೆರಡನೇ ದಿನ ನಮ್ಮ ಬೀದಿಯ ಹಾಲಿನ ಅಂಗಡಿಯವರು ಒಂದು ನೋಟ್ ಬುಕ್ ಹಿಡಿದು ಮನೆಗೆ ಬಂದರು. ಸಾಲ ವಸೂಲಿಗೆ ಬಂದರು ಅಂದುಕೊಂಡು ನಾನು ಜೇಬು ಮುಟ್ಟಿಕೊಂಡೆ. ಬಾಕಿ ಏನೂ ಇರಲಿಲ್ಲ. ಅವರ ತೊಂದರೆ ಬೇರೆ. ಗರಡಿಯ ಏಳು ಹುಡುಗರಿಗೆ ದಿನಾ ಅರ್ಧ ಅರ್ಧ ಲೀಟರ್ ಹಾಲು ಹೋಗುತ್ತಿತ್ತು, ತಿಂಗಳ ಮೊದಲೇ ಉಸ್ತಾದರು ದುಡ್ಡು ಕೊಡುತ್ತಿದ್ದರು. ‘ನಿಲ್ಲಿಸ್ಲಾ, ಕೊಡ್ಲಾ?’ ಅಂತ ಕೇಳಲು ಬಂದಿದ್ದರು. ಪುಸ್ತಕ ಹಿಂದಕ್ಕೆ ತಿರುವಿ ನೋಡಿದೆ. ಹುಡುಗರ ಹೆಸರು ಬದಲಾಗುತ್ತಾ ಹೋಗುತ್ತೆ, ಏಳೋ ಎಂಟೋ ಸಾಲು ಮಾತ್ರ ಹಾಗೇ ಇದೆ. ಇಂಥ ಹಳೆ ಪುಸ್ತಕ ಎಷ್ಟಿವೆ ಅಂತ ಕೇಳಿದೆ. ‘ನಮ್ಮಪ್ಪನ ಕಾಲದಿಂದ ಇದಾವೆ’ ಅಂದರು. ನನ್ನ ಕಾಲದಲ್ಲಿ ನಾನು ಕುಡಿದ ಹಾಲು ಗರಡಿಯ ಫಂಡಿನದು ಅಂತ ನಂಬಿದ್ದೆ. ಗರಡಿಗೆ ಫಂಡು ಅಂತ ಯಾವತ್ತೂ ಇರಲೇ ಇಲ್ಲ ಅಂತ ಅಮ್ಮ ಹೇಳಿದರು.

ಕೊಡಿ ಅಂದಿದ್ದೇವೆ. ಈ ತಿಂಗಳದ್ದು ನಾನು ಕೊಟ್ಟಿದ್ದೇನೆ, ಮುಂದಿನ ತಿಂಗಳು ರಕ್ತ ಕೊಡಲು ಬಂದ 23 ಜನರಲ್ಲಿ ಯಾರದ್ದಾದರೂ ಸರದಿ. ಏಳರಲ್ಲಿ ಎರಡು ಹೆಸರು ಹೆಣ್ಣುಮಕ್ಕಳದು. ಅವರು ಮಣ್ಣಿಗೆ ಇಳಿಯುವುದು ಬೇಡ ಅಂತ ಹಿರಿಯರು ತಕರಾರು ಮಾಡಿದಾಗ, ಉಸ್ತಾದರು ಜಗಳ ಆಡದೆ ಹೊರಗಿನ ಜಗಲಿಯ ಮುಂದೆ ಮ್ಯಾಟ್ ಹಾಸಿದ್ದರು. ಅದು ಸರಿಯಾಗಿತ್ತಾ, ಒಳಗೇ ಬಿಡಬೇಕಿತ್ತಾ ಅನ್ನೋ ಚರ್ಚೆ ಇನ್ನೂ ಇದೆ. ನನ್ನ ಪ್ರಕಾರ ಬಿಡಬೇಕಿತ್ತು. ಅದರಲ್ಲಿ ಒಬ್ಬಳ ಕಣ್ಣು ಈ ಸಲದ ದಸರಾ ಕಿಶೋರಿ ಪ್ರಶಸ್ತಿ ಮೇಲಿದೆ. ಉಸ್ತಾದರ ಫೋಟೋ ಮುಂದೆ ಅವಳು ಅಳಲಿಲ್ಲ. 200 ಬಸ್ಕಿ ಹೊಡೆದಳು.

ಇನ್ನು ಶನಿವಾರ ಅಖಾಡದ ಮಣ್ಣು ಹದ ಮಾಡುವ ವಿಷಯ.

ಕೊರೊನಾ ಕಾಲ ಬಿಟ್ಟರೆ ನಮ್ಮ ಗರಡಿ 15 ದಿನ ಮುಚ್ಚಿದ್ದೇ ಇಲ್ಲ. ನಿನ್ನೆ ಬಾಗಿಲು ತೆಗೆದು ನೋಡಿದರೆ ಅಖಾಡದ ಮಣ್ಣು ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಆಂಜನೇಯನ ಮುಂದಿನ ದೀಪದ ಬತ್ತಿ ಕೂಡ ಒಣಗಿದೆ. ಶ್ರೀರಂಗಪಟ್ಟಣದ ಹತ್ತಿರ ಗದ್ದೆ ಇರುವ ಹಳೇ ಶಿಷ್ಯರೊಬ್ಬರು ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಕಳಿಸುತ್ತಿದ್ದಾರೆ. ಅದನ್ನು ಜರಡಿ ಹಿಡಿಯಬೇಕು, ಹಳೇ ಮಣ್ಣು ಅಗೆದು ಬೆರೆಸಬೇಕು, ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಬೇಕು. ಉಸ್ತಾದರು ಒಂದು ಹಿಡಿ ಎತ್ತಿ ಹಿಸುಕುತ್ತಿದ್ದರು. ಮುದ್ದೆ ಹಾಗೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಮುಟ್ಟಿದರೆ ಪುಡಿಯಾಗಬೇಕು. ಒಂದು ಟ್ರ್ಯಾಕ್ಟರಿಗೆ ಎಣ್ಣೆ ಎಷ್ಟು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನೆ ರಾತ್ರಿ ಅದಕ್ಕೇ ದೊಡ್ಡ ವಾದ. ಒಬ್ಬ ಒಂದು ಡಬ್ಬ ಅಂದ, ಇನ್ನೊಬ್ಬ ಮೂರು ಅಂದ.

ಒಳಗಿಂದ ಅಮ್ಮ, ‘ಎರಡೂವರೆ. ನಲವತ್ತು ವರ್ಷ ತುಂಬ್ಸಿ ಕೊಟ್ಟೋಳು ನಾನು’ ಅಂದರು. ಶನಿವಾರ ಅವರೇ ಬಂದು ಮಣ್ಣು ಹಿಸುಕಿ ನೋಡುತ್ತಾರಂತೆ. ಯಾರೂ ತಕರಾರು ಮಾಡಲಿಲ್ಲ.

ಬೆಳಿಗ್ಗೆ ಐದಕ್ಕೆ. ಈ ಸಲ ಬೆಳಿಗ್ಗೆಯೇ. ಗುದ್ದಲಿ ಇದ್ದವರು ತನ್ನಿ, ನಮ್ಮಲ್ಲಿ ಮೂರೇ ಇವೆ, ಒಂದರ ಕಾವು ಅಲ್ಲಾಡುತ್ತೆ.