ಮುನ್ಸೂಚನೆಯ ಲೆಕ್ಕದೊಳಗೆ ನಮ್ಮ ಓಣಿಯೂ ಬರಲಿ

ಮಾನ್ಯ ಸಂಪಾದಕರೇ,

'ಮಳೆ ಅಂದರು, ಹನಿ ಬೀಳಲಿಲ್ಲ. ಇಲ್ಲ ಅಂದ ದಿನ ಮನೆಯೊಳಗೆ ನೀರು ನುಗ್ಗಿತು' ಎಂದು ಹವಾಮಾನ ಇಲಾಖೆಯನ್ನು ಬೈದು ಬರೆಯುವ ಪತ್ರಗಳು ಪ್ರತಿ ವರ್ಷವೂ ಈ ಅಂಕಣದಲ್ಲಿ ಬರುತ್ತವೆ. ಬರೆದವರ ಸಂಕಟ ನನ್ನದೂ ಹೌದು. ಆದರೆ ಹೈಸ್ಕೂಲಿನಲ್ಲಿ ಬಹುಕಾಲ ವಿಜ್ಞಾನ ಪಾಠ ಮಾಡಿದವನಾಗಿ ಒಂದು ಮಾತು ಹೇಳಲೇಬೇಕು. ಆ ಸಿಟ್ಟಿನಲ್ಲಿ ಅರ್ಧ ಪಾಲಾದರೂ ನಮ್ಮ ನಗರಾಡಳಿತಕ್ಕೆ ಸಲ್ಲಬೇಕು.

ಮಾಗಡಿ ರಸ್ತೆಗೆ ಹೊಂದಿಕೊಂಡ ನಮ್ಮ ಓಣಿ ಹತ್ತಡಿ ಅಗಲವಿದೆ. ಎರಡೂ ಬದಿಗೆ ಮೂರು, ನಾಲ್ಕು ಅಂತಸ್ತಿನ ಮನೆಗಳು. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೆ ಪಶ್ಚಿಮದ ಗೋಡೆಗೆ ಅಂಗೈ ಇಟ್ಟರೆ ಆಗತಾನೇ ಇಸ್ತ್ರಿ ಮಾಡಿಟ್ಟ ಬಟ್ಟೆಯಷ್ಟು ಬೆಚ್ಚಗಿರುತ್ತದೆ. ಮೇಲಿನ ಮನೆಯ ಬಾಡಿಗೆಯವರು ಸಂಜೆ ತಾರಸಿಗೆ ನಾಲ್ಕು ಬಿಂದಿಗೆ ನೀರು ಹುಯ್ದು, ಅದು ಆರಿದ ಮೇಲೆ ಚಾಪೆ ಹಾಸಿ ಮಕ್ಕಳನ್ನು ಮಲಗಿಸುತ್ತಾರೆ. 2024ರ ಏಪ್ರಿಲ್ 28ರಂದು ನಗರದ ಗರಿಷ್ಠ ತಾಪಮಾನ 38.5 ಡಿಗ್ರಿ ಎಂದು ದಾಖಲಾಯಿತು. ಅದು ಅರಮನೆ ರಸ್ತೆಯ ವೀಕ್ಷಣಾಲಯದ ಅಂಕಿ. ಬಯಲಿನಲ್ಲಿ, ಬಿಸಿಲು ತಾಗದ ಬಿಳಿ ಪೆಟ್ಟಿಗೆಯೊಳಗೆ ಅಳೆಯುವುದೇ ಜಗತ್ತಿನೆಲ್ಲೆಡೆ ಇರುವ ನಿಯಮ, ಅದರಲ್ಲಿ ತಪ್ಪಿಲ್ಲ. ಆದರೆ ಆ ಅಂಕಿ ನಮ್ಮ ಓಣಿಯ ರಾತ್ರಿಯನ್ನು ಹೇಳುವುದಿಲ್ಲ.

ಹಾಗಾದರೆ ಕಂಪ್ಯೂಟರ್ ಹೇಳೀತೇ? ಹವಾಮಾನದ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕೊಯ್ದುಕೊಂಡು, ಒಂದೊಂದು ಚೌಕಕ್ಕೂ ಗಾಳಿ, ತೇವ, ಬಿಸಿಯನ್ನು ಲೆಕ್ಕ ಹಾಕುತ್ತವೆ. ಮೊನ್ನೆ ಮೊನ್ನೆಯವರೆಗೆ ನಮ್ಮ ದೇಶದ ಜಾಗತಿಕ ಮಾದರಿಯ ಚೌಕದ ಒಂದೊಂದು ಬದಿ 12 ಕಿ.ಮೀ. ಇತ್ತು. ಬೆಂಗಳೂರಿನ ವಿಸ್ತೀರ್ಣ 700 ಚದರ ಕಿ.ಮೀ.ಗೂ ಹೆಚ್ಚು. ಅಂದರೆ ಇಡೀ ನಗರ ಐದು ಚೌಕದೊಳಗೆ ಮುಗಿದುಹೋಗುತ್ತಿತ್ತು! 2025ರ ಮೇ 26ರಂದು ಲೋಕಾರ್ಪಣೆಯಾದ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಅದನ್ನು 6 ಕಿ.ಮೀ.ಗೆ ಇಳಿಸಿದೆ. ಈಗ ನಗರಕ್ಕೆ ಸುಮಾರು ಇಪ್ಪತ್ತು ಚೌಕ. ದೊಡ್ಡ ಹೆಜ್ಜೆಯೇ, ಸಂತೋಷ. ಆದರೂ ಲಾಲ್‌ಬಾಗಿನ ಮರಗಳೂ ಕಲಾಸಿಪಾಳ್ಯದ ಗೋದಾಮುಗಳೂ ಒಂದೇ ಚೌಕಕ್ಕೆ ಬಿದ್ದರೆ ಎರಡರ ಸರಾಸರಿಯಷ್ಟೇ ಉಳಿಯುತ್ತದೆ.

ಚೌಕ ಚಿಕ್ಕದಾದರೆ ಸಾಲದು. ಅದರೊಳಗೆ ಏನಿದೆ ಎಂಬುದೂ ಮಾದರಿಗೆ ಗೊತ್ತಿರಬೇಕು. ಹಿಂದೆ ನಗರವನ್ನು ನೀರಿಲ್ಲದ ಒರಟು ಚಪ್ಪಡಿ ಎಂದುಕೊಂಡು ಲೆಕ್ಕ ಹಾಕುತ್ತಿದ್ದರು. 2000ದ ಆಸುಪಾಸಿನಲ್ಲಿ ಫ್ರಾನ್ಸಿನ ಮಾಸ್ಸೋಂ, ಜಪಾನಿನ ಕುಸಾಕಾ ಮೊದಲಾದ ವಿಜ್ಞಾನಿಗಳು ಅದಕ್ಕೆ ರೂಪ ಕೊಟ್ಟರು: ನಡುವೆ ರಸ್ತೆ, ಎರಡು ಬದಿಗೆ ಗೋಡೆ, ಮೇಲೆ ಸೂರು. ಥೇಟ್ ನಮ್ಮ ಓಣಿ. ಹಗಲು ಗೋಡೆ, ರಸ್ತೆ ಎಷ್ಟು ಬಿಸಿಲು ಕುಡಿಯುತ್ತವೆ, ಒಂದು ಗೋಡೆ ಕಾರುವ ಬಿಸಿ ಎದುರು ಗೋಡೆಗೆ ಎಷ್ಟು ಬಡಿಯುತ್ತದೆ, ಓಣಿಯ ತಳದಿಂದ ಆಕಾಶ ಎಷ್ಟಗಲ ಕಾಣುತ್ತದೆ ಎಂದೆಲ್ಲ ಲೆಕ್ಕ ಮಾಡುತ್ತಾರೆ. ರಾತ್ರಿ ಬಿಸಿ ಹೊರಗೆ ಹೋಗುವುದು ಬಹುಪಾಲು ಆ ಆಕಾಶದ ಕಿಂಡಿಯಿಂದಲೇ. ಕಿಂಡಿ ಕಿರಿದಾದಷ್ಟೂ ಗೋಡೆ ತಣಿಯುವುದು ತಡ. ನನ್ನ ಅಂಗೈಗೆ ತಿಳಿದದ್ದನ್ನು ಅವರು ಸಮೀಕರಣದಲ್ಲಿ ಬರೆದಿದ್ದಾರೆ.

ಆದರೆ ಆ ಸಮೀಕರಣಕ್ಕೆ ಅಂಕಿ ಉಣಿಸಬೇಕಲ್ಲ! ಗೋಡೆಯ ಎತ್ತರ, ರಸ್ತೆಯ ಅಗಲ, ಸೂರಿನ ಬಗೆ, ಹಸಿರು ಎಷ್ಟು, ಕೆರೆ ಎಷ್ಟು. ಜಗತ್ತಿನಾದ್ಯಂತ ಸಂಶೋಧಕರು ಬಳಸುವ 'ವರ್ಫ್' ಮಾದರಿಯ ಜೊತೆಗೆ ಬರುವ ನೆಲದ ಬಗೆಗಳ ಪಟ್ಟಿಯಲ್ಲಿ ಮೂಲತಃ ನಗರಕ್ಕಿದ್ದದ್ದು ಮೂರೇ ಬಗೆ: ವಿರಳ ಮನೆಗಳು, ಒತ್ತೊತ್ತಾದ ಮನೆಗಳು, ವಾಣಿಜ್ಯ ಪ್ರದೇಶ. ಅದರೊಂದಿಗಿದ್ದ ಹಳೆಯ ಭೂಬಳಕೆಯ ನಕ್ಷೆ 1992-93ರ ಉಪಗ್ರಹ ಚಿತ್ರಗಳದ್ದು. ಆಗ ಸರ್ಜಾಪುರ ರಸ್ತೆ ಹೇಗಿತ್ತು, ನೆನೆಸಿಕೊಳ್ಳಿ. ಇಂಥ ನಕ್ಷೆ ಕೊಟ್ಟರೆ ಮಾದರಿ ಟೆಕ್ ಪಾರ್ಕ್ ಇರುವಲ್ಲಿ ಹೊಲವನ್ನಿಟ್ಟು, ಇಲ್ಲದ ಹಸಿಮಣ್ಣಿನಿಂದ ಇಲ್ಲದ ತಂಪನ್ನು ಎಣಿಸುತ್ತದೆ. 2012ರಲ್ಲಿ ಸ್ಟೀವರ್ಟ್ ಮತ್ತು ಓಕ್ ಎಂಬ ವಿಜ್ಞಾನಿಗಳು ನೆಲವನ್ನು 17 ಬಗೆಯಾಗಿ ವಿಂಗಡಿಸಿ, ಅದರಲ್ಲಿ 10ನ್ನು ಕಟ್ಟಡಗಳ ಪ್ರದೇಶಕ್ಕೇ ಇಟ್ಟರು. ಉಪಗ್ರಹ ಚಿತ್ರ ನೋಡಿ ಹಾಗೆ ವಿಂಗಡಿಸುವುದು ಈಗ ರೂಢಿಯಾಗಿದೆ. ಆದರೂ ಉಪಗ್ರಹದ ಊಹೆ ಬೇರೆ, ಮನೆ ಮನೆಯ ಲೆಕ್ಕ ಬೇರೆ.

ಮನೆ ಮನೆಯ ಲೆಕ್ಕ ನಮ್ಮಲ್ಲೇ ಇದೆ. ಆಸ್ತಿ ತೆರಿಗೆ ಕಟ್ಟುವಾಗ ನಾವೇ ಕೈಯಾರೆ ಬರೆದುಕೊಡುತ್ತೇವೆ: ನಿವೇಶನ ಎಷ್ಟು, ಎಷ್ಟು ಚದರಡಿ ಕಟ್ಟಿದ್ದೇವೆ, ಎಷ್ಟು ಅಂತಸ್ತು, ಆರ್‌ಸಿಸಿಯೋ, ಹೆಂಚೋ, ಶೀಟೋ. ವಿಜ್ಞಾನಿಗಳಿಗೆ ಬೇಕಾದ ಬಹುಪಾಲು ಸಾಮಗ್ರಿ ಅದರಲ್ಲೇ ಇದೆ. ಮಾಲೀಕರ ಹೆಸರು, ಮನೆ ಸಂಖ್ಯೆ ಯಾವುದೂ ಬೇಡ. ಒಂದೊಂದು ಕಿ.ಮೀ. ಚೌಕಕ್ಕೆ ಸರಾಸರಿ ತೆಗೆದು, ರಸ್ತೆಗಳ ಅಗಲವನ್ನೂ ಉಳಿದಿರುವ ಕೆರೆಗಳ ನಕ್ಷೆಯನ್ನೂ ಸೇರಿಸಿ, ವರ್ಷಕ್ಕೊಮ್ಮೆ ಸಾರ್ವಜನಿಕವಾಗಿ ಕೊಟ್ಟರೆ ಸಾಕು. ಇದಕ್ಕೆ ಹೊಸ ಯೋಜನೆ, ಹೊಸ ಟೆಂಡರ್ ಏಕೆ ಬೇಕು? ದೆಹಲಿಯ ಚಳಿಗಾಲದ ಮಂಜಿಗಾಗಿ 330 ಮೀಟರ್ ಚೌಕದ ಮಾದರಿಯನ್ನು ನಮ್ಮ ದೇಶದಲ್ಲೇ ನಡೆಸಿದ್ದಾರೆ. ಬೆಂಗಳೂರಿನ ಬೇಸಿಗೆಯ ರಾತ್ರಿಗೂ ಸಂಜೆಯ ಗುಡುಗು ಮಳೆಗೂ ಅಂಥದ್ದನ್ನು ಕೇಳುವ ಹಕ್ಕು ನಮಗಿದೆ.

ಇದರಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿಯ 131.6 ಮಿ.ಮೀ. ಮಳೆಗೆ ಬೆಳ್ಳಂದೂರಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದು ಮುನ್ಸೂಚನೆಯ ದೋಷಕ್ಕಿಂತ ಹೆಚ್ಚಾಗಿ ಒತ್ತುವರಿಯಾದ ರಾಜಕಾಲುವೆಗಳಿಂದ. ಗುಡುಗು ಮೋಡ ಇಂಥದೇ ಬೀದಿಯ ಮೇಲೆ ಸುರಿಯುತ್ತದೆ ಎಂದು ಯಾವ ಮಾದರಿಯೂ ಹಿಂದಿನ ದಿನವೇ ಖಚಿತವಾಗಿ ಹೇಳಲಾರದು. ಆದರೆ ಯಾವ ಬಡಾವಣೆಯಲ್ಲಿ ರಾತ್ರಿಯ ಸೆಕೆ ಇಳಿಯುವುದಿಲ್ಲ, ಎಲ್ಲಿ ಮುದುಕರನ್ನೂ ಹಸುಗೂಸುಗಳನ್ನೂ ಮೊದಲು ವಿಚಾರಿಸಬೇಕು ಎಂಬುದನ್ನು ಅದು ತೋರಿಸಬಲ್ಲದು.

ಮಾದರಿ ಹೇಳಿದ್ದು ನಿಜವೇ ಎಂದು ನೋಡಲು ಓಣಿಗಳಲ್ಲೂ ತಾಪಮಾಪಕ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ತುಂಬ ಇವೆ. ಬಿಸಿಯನ್ನೂ ಅಷ್ಟೇ ಹತ್ತಿರದಿಂದ ಅಳೆಯಲಿ. ಜಾಗದ ಚಿಂತೆ ಬೇಡ, ನಮ್ಮ ತಾರಸಿಯಲ್ಲಿ ಇಡಬಹುದು. ಓಣಿಯ ಅಗಲ, ಗೋಡೆಗಳ ಎತ್ತರ ಬೇಕಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳೊಂದಿಗೆ ಟೇಪು ಹಿಡಿದು ಅಳೆದು, ಬರೆದು ಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ವಿಜ್ಞಾನ ಶಿಕ್ಷಕ,
ಮಾಗಡಿ ರಸ್ತೆ, ಬೆಂಗಳೂರು